ಗ್ಯಾಸ್ ಗೀಸರ್: ಮಳೆಗಾಲಕ್ಕೆ ಮುನ್ನ ನಡೆಯಬೇಕಾದ ತಪಾಸಣೆ

ಶೀತದೇಶಗಳಲ್ಲಿ ಚಳಿಗಾಲ ಬರುವ ಮುನ್ನ, ಮನೆಯನ್ನು ಬೆಚ್ಚಗಿಡುವ ಅನಿಲ ಕುಲುಮೆಯನ್ನು ತಜ್ಞರಿಂದ ಪರೀಕ್ಷೆ ಮಾಡಿಸುವುದು ರೂಢಿ. ನಮ್ಮ ಜಾಲಿ, ಭಟ್ಕಳ, ಹೊನ್ನಾವರ, ಕುಮಟಾ ಭಾಗದಲ್ಲಿ ಮನೆ ಕಾಯಿಸುವ ಅಗತ್ಯವಿಲ್ಲ. ಸ್ನಾನದ ನೀರು ಕಾಯಿಸಿದರೆ ಸಾಕು. ಆ ಕೆಲಸವನ್ನು ಹಿಂದೆ ಬಚ್ಚಲೊಲೆಯ ಮೇಲಿನ ಹಂಡೆ ಮಾಡುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಅದರ ಸ್ಥಾನವನ್ನು ಗ್ಯಾಸ್ ಗೀಸರ್ ಪಡೆದಿದೆ. ಒಮ್ಮೆ ಗೋಡೆಗೆ ಜೋಡಿಸಿದ ಬಳಿಕ ಕೆಟ್ಟು ನಿಲ್ಲುವವರೆಗೆ ಅದರತ್ತ ಯಾರೂ ನೋಡುವುದಿಲ್ಲ ಎಂಬುದೇ ಚಿಂತೆಯ ವಿಷಯ.

ಬಚ್ಚಲು ಬದಲಾಗಿದೆ

ಹಳೆಯ ಬಚ್ಚಲುಮನೆಯಲ್ಲಿ ತೆಂಗಿನ ಸಿಪ್ಪೆ, ಕಟ್ಟಿಗೆ ಉರಿದರೂ ಹೊಗೆಯು ಹಂಚಿನ ಸಂದುಗಳಿಂದ ಹೊರಹೋಗುತ್ತಿತ್ತು. ಇಂದಿನ ಸ್ನಾನದ ಕೋಣೆಗೆ ಕಾಂಕ್ರೀಟ್ ಚಾವಣಿ, ಬಿಗಿಯಾದ ಬಾಗಿಲು, ಒಂದು ಚಿಕ್ಕ ಗವಾಕ್ಷಿ. ಮಳೆಗಾಲದಲ್ಲಿ ಎರಚಲು ಬೀಳದಂತೆ ಆ ಗವಾಕ್ಷಿಯನ್ನೂ ಮುಚ್ಚಲಾಗುತ್ತದೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ನಿಮಿಷಕ್ಕೆ 6 ಲೀಟರ್ ನೀರು ಕೊಡುವ ಗೀಸರ್ ಕಾಲು ಗಂಟೆಯಲ್ಲಿ ಸುಮಾರು ಕಾಲು ಕಿಲೋ ಅನಿಲವನ್ನು ಸುಡುತ್ತದೆ. ಒಂದು ಕಿಲೋ ಅಡುಗೆ ಅನಿಲ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಕಾಲು ಕಿಲೋಗೆ 3 ಘನ ಮೀಟರ್. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಸ್ನಾನದ ಕೋಣೆಯಲ್ಲಿರುವ ಗಾಳಿಯೇ ಸುಮಾರು 7 ಘನ ಮೀಟರ್. ಹೊಸ ಗಾಳಿ ಬರದಿದ್ದರೆ ಇಬ್ಬರ ಸ್ನಾನ ಮುಗಿಯುವಷ್ಟರಲ್ಲಿ ಕೋಣೆಯ ಗಾಳಿಯೇ ಸತ್ವಹೀನವಾಗುತ್ತದೆ.

ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲ ಸೋರಿದರೆ ಅದಕ್ಕೆ ಬೆರೆಸಿರುವ ಮರ್ಕ್ಯಾಪ್ಟನ್ ವಾಸನೆಯಿಂದ ತಿಳಿಯುತ್ತದೆ. ಈ ವಿಷಾನಿಲಕ್ಕೆ ಅಂತಹ ಯಾವ ಸೂಚನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನೊಂದಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಅಧಿಕ ಬಲದಿಂದ ಸೇರಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳು. ಮುಂದೆ ಪ್ರಜ್ಞೆ ತಪ್ಪುತ್ತದೆ. ಒಳಗಿನಿಂದ ಚಿಲಕ ಹಾಕಿಕೊಂಡವರಿಗೆ ಬಾಗಿಲು ತೆರೆಯುವ ಶಕ್ತಿಯೂ ಉಳಿಯುವುದಿಲ್ಲ. ಸ್ನಾನದ ಕೋಣೆಯಲ್ಲಿ ಹೀಗೆ ಜೀವ ಕಳೆದುಕೊಂಡ ಪ್ರಕರಣಗಳು ಬೆಂಗಳೂರು ಸೇರಿದಂತೆ ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಉಪ್ಪುಗಾಳಿಯ ಪ್ರಭಾವ

ಕರಾವಳಿಯಲ್ಲಿ ಯಂತ್ರಗಳಿಗೆ ಇನ್ನೊಂದು ಶತ್ರುವಿದೆ. ಸಮುದ್ರದ ಉಪ್ಪುಗಾಳಿ ಮತ್ತು ತೇವಾಂಶದಿಂದ ಬರ್ನರ್, ಕ್ಲಿಪ್ಪು, ಸ್ಕ್ರೂಗಳು ಬೇಗ ತುಕ್ಕು ಹಿಡಿಯುತ್ತವೆ. ಬಳಸದೆ ಬಿಟ್ಟ ಗೀಸರಿನ ಜೆಟ್ಟುಗಳಲ್ಲಿ ಜೇಡ ಬಲೆ ಕಟ್ಟುತ್ತದೆ. ಮಸಿ ಕಟ್ಟಿದ ತಾಮ್ರದ ಸುರುಳಿಯ ನಡುವೆ ಸುಟ್ಟ ಅನಿಲ ಮೇಲೇರಲಾರದು. ವಿದೇಶದಲ್ಲಿರುವವರು ವರ್ಷಕ್ಕೊಮ್ಮೆ ಬಂದು ತೆರೆಯುವ ಮನೆಗಳಲ್ಲಿ ಮೊದಲ ಸ್ನಾನಕ್ಕೆ ಮುನ್ನವೇ ಪರೀಕ್ಷೆ ನಡೆಯುವುದು ಲೇಸು.

ಮೇ ತಿಂಗಳಲ್ಲಿ ಒಮ್ಮೆ, ಚಳಿ ಆರಂಭವಾಗುವ ನವೆಂಬರಿನಲ್ಲಿ ಮತ್ತೊಮ್ಮೆ ಈ ಕೆಳಗಿನವುಗಳನ್ನು ನೋಡಿಸಬೇಕು:

1. ಜ್ವಾಲೆ ನೀಲಿಯಾಗಿ, ಸ್ಥಿರವಾಗಿರಬೇಕು. ಹಳದಿ ಜ್ವಾಲೆ ಅಥವಾ ಮೈಮೇಲೆ ಮಸಿ ಕಂಡರೆ ಬಳಕೆ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಬೇಕು.

2. ಬರ್ನರ್, ಜೆಟ್, ತಾಮ್ರದ ಸುರುಳಿಗಳನ್ನು ಬಿಚ್ಚಿ ಶುಚಿಗೊಳಿಸುವುದು ತರಬೇತಿ ಪಡೆದವರ ಕೆಲಸ, ಮನೆಯವರು ಕೈಹಾಕಬಾರದು.

3. ರಬ್ಬರ್ ಕೊಳವೆಗೆ ಐಎಸ್‌ಐ ಮುದ್ರೆ ಇರಬೇಕು. ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೆ ಬದಲಿಸಬೇಕು. ಬಿರುಕು, ಇಲಿ ಕಡಿತ ಕಂಡರೆ ಕೂಡಲೇ.

4. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಸೋರಿಕೆ ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವುದು ಅಪಾಯಕರ.

5. ಮನೆ ಮುಚ್ಚಿ ಹೋಗುವಾಗ ರೆಗ್ಯುಲೇಟರ್ ಬಂದ್ ಮಾಡಿ, ಗೀಸರಿನ ಬ್ಯಾಟರಿ ತೆಗೆದಿಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಗೀಸರ್ ಇರುವ ಜಾಗ. ಅದು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವಲ್ಲಿ, ಮಳೆ ಬೀಳದಂತೆ ಇದ್ದು ಬಿಸಿನೀರು ಮಾತ್ರ ಕೊಳವೆಯ ಮೂಲಕ ಒಳಬರುವುದೇ ಉತ್ತಮ ವ್ಯವಸ್ಥೆ. ಈಗಾಗಲೇ ಒಳಗಿದ್ದರೆ ಹೊರಗೆ ಸ್ಥಳಾಂತರಿಸುವುದು ಮೇಲು. ಅಲ್ಲಿಯವರೆಗೆ ಮೊದಲೇ ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿದ ಬಳಿಕವೇ ಸ್ನಾನಕ್ಕೆ ಹೋಗಬೇಕು. ಎಕ್ಸಾಸ್ಟ್ ಫ್ಯಾನ್ ಇದ್ದ ಮಾತ್ರಕ್ಕೆ ಸಾಲದು. ಹೊಸ ಗಾಳಿ ಒಳಬರುವ ದಾರಿಯೂ ತೆರೆದಿರಬೇಕು.

ವರ್ತಕರ ಹೊಣೆ

ಗೀಸರ್ ಮಾರುವವರು, ಜೋಡಿಸುವವರು, ವಸತಿಗೃಹ ಹಾಗೂ ಬಾಡಿಗೆ ಮನೆಗಳ ಮಾಲೀಕರು ನಮ್ಮ ನಡುವೆಯೇ ಇದ್ದಾರೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಸರಕು ಹಾಗೂ ಲೋಪಯುತ ಸೇವೆಯಿಂದಾದ ಹಾನಿಗೆ ತಯಾರಕರನ್ನಷ್ಟೇ ಅಲ್ಲದೆ ಮಾರಾಟಗಾರರನ್ನೂ ಸೇವೆ ಒದಗಿಸುವವರನ್ನೂ ಹೊಣೆಗಾರರನ್ನಾಗಿಸಬಲ್ಲದು. ಸೂಕ್ತ ಎಚ್ಚರಿಕೆ ನೀಡದಿರುವುದೂ ಆ ಲೋಪಗಳಲ್ಲಿ ಸೇರಿದೆ. ಗ್ರಾಹಕರು ಕೇಳಿದರೆಂದು ಮುಚ್ಚಿದ ಕೋಣೆಯೊಳಗೆ ಗೀಸರ್ ಜೋಡಿಸಿ ಕೊಡುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟದ ಮಾತು. ವಸತಿಗೃಹಗಳಲ್ಲಿ 14.2 ಕಿಲೋ ಗೃಹಬಳಕೆಯ ಸಿಲಿಂಡರ್ ಉಪಯೋಗಿಸುವುದು ಕಾನೂನುಬಾಹಿರವೆಂಬುದನ್ನೂ ನೆನಪಿಡಬೇಕು.

ಬ್ರಿಟನ್ನಿನಲ್ಲಿ 1998ರ ನಿಯಮಗಳಂತೆ ಬಾಡಿಗೆ ಮನೆಯ ಮಾಲೀಕರು ಅನಿಲ ಉಪಕರಣಗಳನ್ನು ವರ್ಷಕ್ಕೊಮ್ಮೆ ನೋಂದಾಯಿತ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ ದಾಖಲೆ ಇಡಲೇಬೇಕು. ಕಾನೂನಿನ ಒತ್ತಾಯಕ್ಕೆ ಕಾಯದೆ ನಮ್ಮ ವರ್ತಕ ಬಾಂಧವರೂ ಈ ಪದ್ಧತಿಯನ್ನು ಅನುಸರಿಸಬಹುದು. ಮಾರಿದ ಪ್ರತಿ ಗೀಸರಿನ ದಿನಾಂಕ ಬರೆದಿಟ್ಟು, ಮೇ ತಿಂಗಳಲ್ಲಿ ಗ್ರಾಹಕರಿಗೆ ಒಂದು ಕರೆ ಮಾಡಿದರೆ ವಾರ್ಷಿಕ ನಿರ್ವಹಣೆಯ ಕೆಲಸವೂ ದೊರೆಯುತ್ತದೆ, ಅಂಗಡಿಯ ಮೇಲಿನ ವಿಶ್ವಾಸವೂ ಬೆಳೆಯುತ್ತದೆ.

ಅನಿಲದ ವಾಸನೆ ಬಂದಲ್ಲಿ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು. ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ತಡಮಾಡದೆ ಬಾಗಿಲು ಒಡೆದು, ಅವರನ್ನು ತೆರೆದ ಗಾಳಿಗೆ ತಂದು ಆಸ್ಪತ್ರೆಗೆ ಸೇರಿಸಬೇಕು. ಮನೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು.