ಕಳ್ಳ ಇಂಗಾಲಕ್ಕೆ ಬೂಷ್ಟಿನ ಮದ್ದು

ಐದು ಗ್ರಾಂ! ಅಮೆರಿಕದ ನೆವಾಡಾದ ಕಾರ್ಲಿನ್ ಸೀಮೆಯಲ್ಲಿ ಒಂದು ಟನ್ ಬಂಡೆ ಅರೆದಾಗ ಇಷ್ಟು ಚಿನ್ನ ಬಂದರೆ ಗಣಿಯವರಿಗೆ ಹಬ್ಬ. ಒಂದು ಉಂಗುರದ ತೂಕ, ಅಷ್ಟೇ. ಅದೂ ಕಣ್ಣಿಗೆ ಬೀಳದ ಚಿನ್ನ. ಕಣವೊಂದು ಉದ್ದ, ಅಗಲ, ಎತ್ತರಗಳಲ್ಲಿ ಮೈಕ್ರಾನಿನ ಹತ್ತನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಆ ಉಂಗುರದಲ್ಲಿ 2.6 ಕೋಟಿ ಕೋಟಿ ಕಣಗಳಿರುತ್ತವೆ. ಭೂಮಿಯ 800 ಕೋಟಿ ಜನಕ್ಕೆ ಹಂಚಿದರೂ ತಲೆಗೆ 32,000. ಸೆಕೆಂಡಿಗೊಂದರಂತೆ ಎಣಿಸಲು ಕೂತರೆ, ಊಟ ನಿದ್ದೆ ಬಿಟ್ಟು, 80 ಲಕ್ಷ ವರ್ಷ.

ಈ ಚಿನ್ನವನ್ನು ಸಯನೈಡ್ ದ್ರಾವಣದಲ್ಲಿ ಕರಗಿಸಿದರೂ ಕೈಗೆ ದಕ್ಕುವ ಭರವಸೆಯಿಲ್ಲ. ಅದಿರಿನಲ್ಲೇ ಹೊಂಚು ಹಾಕಿರುವ ಇಂಗಾಲ ಅದನ್ನು ಹೀರಿ ಕೂತುಬಿಡುತ್ತದೆ. ಹೋಲಿಕೆಗೆ, ಕಾರ್ಖಾನೆಯ ಸಕ್ರಿಯ ಇದ್ದಿಲಿನ ಒಂದು ಗ್ರಾಮಿನೊಳಗೆ ಸುಮಾರು 1,000 ಚದರ ಮೀಟರ್ ಮೇಲ್ಮೈ ಅಡಗಿರುತ್ತದೆ. ಅಂದರೆ ಹತ್ತು ಗುಂಟೆ. ನಾಲ್ಕು ಗ್ರಾಮಿಗೆ ಒಂದು ಎಕರೆ! ಅದಿರಿನ ಇಂಗಾಲ ಅಷ್ಟು ದೊಡ್ಡ ಜಮೀನ್ದಾರನಲ್ಲ, ಕಳ್ಳತನಕ್ಕೆ ಮಾತ್ರ ಸಾಕು. ಕಾರ್ಲಿನ್ ಬಂಡೆಗಳ ವಯಸ್ಸೋ ಸುಮಾರು 40 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟುವ ಹೊತ್ತಿಗೇ ಅವಕ್ಕೆ 15 ಕೋಟಿ ವರ್ಷ ದಾಟಿತ್ತು.

ಈ ಇಂಗಾಲವನ್ನು ಸುಡಲು ಗಣಿಯವರು ಇಂಥ ಅದಿರನ್ನು 500 ಡಿಗ್ರಿಗೂ ಮೀರಿದ ಕಾವಿನಲ್ಲಿ ಹುರಿಯುತ್ತಾರೆ. ಆದರೆ ಕೊಳೆತ ಮರದ ಮೇಲೆ ಬೆಳೆಯುವ ಫೆನೆರೋಕೀಟೆ ಕ್ರೈಸೋಸ್ಪೋರಿಯಂ ಎಂಬ ಬೂಷ್ಟಿಗೆ 37 ಡಿಗ್ರಿ, ನಮ್ಮ ನಿಮ್ಮ ಮೈಬಿಸಿ, ಸಾಕು! ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಅದಿರಿನ ಇಂಗಾಲದ ಬದಲಿಗೆ ಆಂಥ್ರಸೈಟ್ ಕಲ್ಲಿದ್ದಲಿಟ್ಟು ಈ ಬೂಷ್ಟನ್ನು ಬೆಳೆಸಿದರು. ಚಿನ್ನ ಹೀರುವ ಕಲ್ಲಿದ್ದಲಿನ ಶಕ್ತಿಯ ಬಹುಪಾಲು ಕುಂದಲು ಹಿಡಿದದ್ದು ಏಳು ದಿನ. ಕೋಟ್ಯಂತರ ವರ್ಷಗಳ ಗಟ್ಟಿ ಕಲ್ಲಿದ್ದಲು, ಒಂದೇ ವಾರ!

ಬೂಷ್ಟಿನ ಎಳೆಯನ್ನೇ ನೋಡಿ. 3 ಮೈಕ್ರಾನ್ ದಪ್ಪವೆಂದು ಲೆಕ್ಕ ಹಿಡಿದರೆ, ಒಂದೇ ಒಂದು ಮಿಲಿಲೀಟರ್ ಎಳೆಯನ್ನು ಬಿಡಿಸಿ ಉದ್ದಕ್ಕೆ ಹಾಸಿದಾಗ 140 ಕಿಲೋಮೀಟರ್: ಬೆಂಗಳೂರಿಂದ ಮೈಸೂರು ಹತ್ತಿರ ಹತ್ತಿರ. 300 ಮಿಲಿಲೀಟರಿದ್ದರೆ ಭೂಮಿಗೇ ಒಂದು ಸುತ್ತು, ಮೇಲೆ ಒಂದಿಷ್ಟು ಉಳಿಕೆ.

ಇಷ್ಟಕ್ಕೇ ಗಣಿಯವರು ಕುಲುಮೆ ಆರಿಸಿಬಿಡುವುದಿಲ್ಲ. ದಿನಕ್ಕೆ 10,000 ಟನ್ ಅರೆಯುವ ಗಣಿಯಲ್ಲಿ ಪ್ರತಿ ಬಂಡೆಪುಡಿಯೂ ಏಳು ದಿನ ಬೂಷ್ಟಿನ ಜೊತೆ ಇರಬೇಕೆಂದರೆ, ಸದಾ 70,000 ಟನ್ ಕಾದು ಕೂತಿರಬೇಕು. ಐದು ಟನ್ನಿನ ಗಂಡಾನೆಗಳ ಲೆಕ್ಕದಲ್ಲಿ 14,000 ಆನೆ. ಕರ್ನಾಟಕದ ಕಾಡುಗಳ ಆನೆಗಳನ್ನೆಲ್ಲ ಕೂಡಿದರೂ ಇರುವುದು 6,000ದ ಆಸುಪಾಸು! ಈ ಬಂಡೆಪುಡಿಗೆಲ್ಲ ಬೆಚ್ಚಗಿನ ಹಾಸಿಗೆ, ತೇವ, ಗಾಳಿ ಬೇಕು. ದಿನ ಬೆಳಗಾದರೆ 2,000 ಆನೆ ಹೊರಗೆ, 2,000 ಆನೆ ಒಳಗೆ.