ವಿಮಾನ ಹತ್ತುವ ಮುಂಚೆ ಕಸ್ಟಮ್ಸ್‌ನವರನ್ನು ಕಂಡಿರಾ?



ಹೋದ ತಿಂಗಳ ಫೋನ್-ಇನ್ ಕಾರ್ಯಕ್ರಮದಲ್ಲಿ ಪಶ್ಚಿಮ ಮಾಂಬಲಂನ ಹಿರಿಯರೊಬ್ಬರು ಹಾಡು ಕೇಳುವುದು ಬಿಟ್ಟು ಬೇರೆಯೇ ಪ್ರಶ್ನೆ ಕೇಳಿದರು. "ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀವಿ, ನಾನೂ ನಮ್ಮ ಮನೆಯವರೂ. ಮೀನಂಬಾಕ್ಕಂನಲ್ಲಿ ಇಮಿಗ್ರೇಷನ್ನು, ಕಸ್ಟಮ್ಸು ಅಂತಾರಲ್ಲ, ಅಲ್ಲಿ ಏನೇನು ಕೇಳ್ತಾರಮ್ಮ?" ಎರಡು ಹಾಡುಗಳ ನಡುವಿನ ಒಂದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಇಗೋ, ಬರೆದಿದ್ದೇನೆ.

ಮೊದಲಿಗೆ ಚುಟುಕಾದ ಉತ್ತರ. ಇಮಿಗ್ರೇಷನ್‌ನವರು ಕೇಳಿಯೇ ಕೇಳುತ್ತಾರೆ, ಅವರನ್ನು ದಾಟದೆ ಯಾರೂ ವಿಮಾನ ಹತ್ತಲಾರರು. ಕಸ್ಟಮ್ಸ್‌ನವರು ಮಾತ್ರ ಹೋಗುವಾಗ ಸಾಮಾನ್ಯವಾಗಿ ಏನೂ ಕೇಳುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಚೆನ್ನೈನ ಹಳೆಯ ಅಣ್ಣಾ ಟರ್ಮಿನಲ್ ನೋಡಿದ್ದವರಿಗೆ ಈಗ ಸ್ವಲ್ಪ ದಿಕ್ಕು ತಪ್ಪಬಹುದು. 2023ರ ಏಪ್ರಿಲ್ 8ರಂದು ಉದ್ಘಾಟನೆಯಾದ ಹೊಸ ಕಟ್ಟಡ, ಟಿ-2, ಈಗ ಹೊರದೇಶದ ಪ್ರಯಾಣಕ್ಕೆ. ಬಾಗಿಲಲ್ಲಿ ಸಿ.ಐ.ಎಸ್.ಎಫ್. ಜವಾನರಿಗೆ ಟಿಕೆಟ್ಟು, ಪಾಸ್‌ಪೋರ್ಟು ತೋರಿಸಿ ಒಳಗೆ ಹೋದರೆ ಮೊದಲು ಸಿಗುವುದು ವಿಮಾನ ಕಂಪನಿಯ ಕೌಂಟರು. ಅಲ್ಲಿ ದೊಡ್ಡ ಪೆಟ್ಟಿಗೆ ಕೊಟ್ಟು ಬೋರ್ಡಿಂಗ್ ಪಾಸ್ ಪಡೆಯುವುದು, ಆಮೇಲೆ ಇಮಿಗ್ರೇಷನ್, ಆಮೇಲೆ ಮೈ ತಪಾಸಣೆ, ಕೊನೆಗೆ ಗೇಟು. ವೀಸಾ ಸರಿಯಿದೆಯೇ ಎಂದು ಕಂಪನಿಯವರೇ ಮೊದಲು ನೋಡುತ್ತಾರೆ. ಹೋದ ದೇಶ ಒಳಗೆ ಬಿಡದಿದ್ದರೆ ನಿಮ್ಮನ್ನು ವಾಪಸು ಕರೆತರುವ ಹೊಣೆ ಅವರ ತಲೆಗೇ ಬರುತ್ತದಲ್ಲ!

ಇಮಿಗ್ರೇಷನ್ ಕೇಂದ್ರ ಗೃಹ ಸಚಿವಾಲಯಕ್ಕೆ ಸೇರಿದ್ದು. ನೀವು ಯಾರು, ಎಲ್ಲಿಗೆ, ಯಾಕೆ, ಎಷ್ಟು ದಿನ, ನಿಮ್ಮನ್ನು ತಡೆಯಬೇಕೆಂದು ಯಾವುದಾದರೂ ಕೋರ್ಟು ಅಥವಾ ಪೊಲೀಸರು ಹೇಳಿದ್ದಾರೆಯೇ, ಇಷ್ಟೇ ಅವರ ಕೆಲಸ. ಭಾರತೀಯರು ಹೊರಡುವಾಗ ತುಂಬಬೇಕಿದ್ದ ಚೀಟಿ 2017ರ ಜುಲೈ 1ರಿಂದ ಇಲ್ಲ. ಪೆನ್ನು ಹುಡುಕಿಕೊಂಡು ಅಕ್ಕಪಕ್ಕದವರನ್ನು ಕೇಳುತ್ತಿದ್ದ ಕಾಲ ಮುಗಿಯಿತು. "ಮಗಳ ಮನೆಗೆ, ಐದು ತಿಂಗಳು" ಎಂದರೆ ಸಾಕು. ಮಗಳ ಓದು, ಅಳಿಯನ ಸಂಬಳದ ವಿವರ ಅವರಿಗೆ ಬೇಡ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಇದೆಯೇ ಎಂದು ಟಿಕೆಟ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಪದೇ ಪದೇ ಓಡಾಡುವವರಿಗೆ 2025ರ ಜನವರಿ 16ರಿಂದ ಚೆನ್ನೈನಲ್ಲೂ ಒಂದು ಅನುಕೂಲ ಬಂದಿದೆ. ಮೊದಲೇ ಇಂಟರ್‌ನೆಟ್‌ನಲ್ಲಿ ಹೆಸರು ನೋಂದಾಯಿಸಿ, ಬೆರಳಚ್ಚು, ಮುಖದ ಚಿತ್ರ ಕೊಟ್ಟಿದ್ದರೆ ಸಾಲಿನಲ್ಲಿ ನಿಲ್ಲದೆ ಯಂತ್ರದ ಗೇಟಿನಲ್ಲಿ ದಾಟಬಹುದು. ಶುಲ್ಕವಿಲ್ಲ. ಭಾರತೀಯರಿಗೂ ಓ.ಸಿ.ಐ. ಕಾರ್ಡ್ ಇರುವವರಿಗೂ ಇದು ಉಂಟು.

ಇನ್ನೊಂದು ಮಾತು, ಗಲ್ಫ್‌ಗೋ ಮಲೇಷ್ಯಾಕ್ಕೋ ಕೆಲಸಕ್ಕೆ ಹೋಗುವ ಹುಡುಗರಿಗೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇ.ಸಿ.ಆರ್. ಎಂಬ ಗುರುತು ಇರುತ್ತದೆ. ಅಂಥವರು ಆ ಪಟ್ಟಿಯ ದೇಶಗಳಿಗೆ ಕೆಲಸಕ್ಕೆ ಹೊರಟರೆ 1983ರ ವಲಸೆ ಕಾಯಿದೆಯ ಪ್ರಕಾರ ಮೊದಲೇ ಸರ್ಕಾರದ ಅನುಮತಿ ಬೇಕು. "ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಸರಿಮಾಡ್ತೀನಿ" ಎನ್ನುವ ಏಜೆಂಟನ ಮಾತು ಕೇಳಿ ಹೊರಟವರು ಈ ಕೌಂಟರಿನಲ್ಲೇ ಸಿಕ್ಕಿಬಿದ್ದರೆ ಅದು ಅವರ ಪುಣ್ಯ. ಅಲ್ಲಿಗೆ ಹೋದ ಮೇಲೆ ಸಿಕ್ಕಿಬೀಳುವುದು ಇನ್ನೂ ಕಷ್ಟ.

ಈಗ ಕಸ್ಟಮ್ಸ್‌ಗೆ ಬರೋಣ. ಇವರದು ಹಣಕಾಸು ಸಚಿವಾಲಯ, ಬಿಳಿ ಸಮವಸ್ತ್ರ. ನೀವು ಯಾರೆನ್ನುವುದಕ್ಕಿಂತ ನಿಮ್ಮ ಹತ್ತಿರ ಏನಿದೆ ಎನ್ನುವುದು ಇವರ ಪ್ರಶ್ನೆ.

ನಮ್ಮ ಚಿಕ್ಕಮ್ಮನ ಕಥೆ ಹೇಳುತ್ತೇನೆ. ಉಸ್ಮಾನ್ ರಸ್ತೆಯಲ್ಲಿ ಕೊಂಡ ನಾಲ್ಕು ಬಳೆ, ಒಂದು ಎರಡೆಳೆ ಸರ ಹಾಕಿಕೊಂಡು ಮಗನ ಮನೆಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದರು. ಹೋಗುವಾಗ ಯಾರೂ ಕೇಳಲಿಲ್ಲ. ಬರುವಾಗ ನಮ್ಮ ದೇಶದ್ದೇ ಒಂದು ವಿಮಾನ ನಿಲ್ದಾಣದಲ್ಲಿ (ಯಾವ ಊರಿನದ್ದೆಂಬುದು ಬೇಡ) ನಿಲ್ಲಿಸಿಕೊಂಡರು. "ಇದು ಅಲ್ಲಿ ಕೊಂಡದ್ದಲ್ಲ ಅನ್ನೋದಕ್ಕೆ ಏನು ಆಧಾರ?" ಬಿಲ್ಲು ಮನೆಯ ಬೀರುವಿನಲ್ಲಿ, ಬೀರುವಿನ ಕೀಲಿ ಚಿಕ್ಕಮ್ಮನ ಕೈಚೀಲದಲ್ಲಿ! ಕೊನೆಗೆ ಪಕ್ಕದ ಮನೆಯವರು ಬೀಗದವನನ್ನು ಕರೆಸಿ, ಬೀರು ತೆಗೆಸಿ, ಬಿಲ್ಲಿನ ಫೋಟೊ ಕಳಿಸುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. "ನನ್ನ ಬಳೆಗೆ ನಾನೇ ಕಳ್ಳಿಯ ಹಾಗೆ ನಿಂತಿದ್ದೆ ಕಣೇ" ಎಂದು ಇವತ್ತಿಗೂ ಹೇಳುತ್ತಾರೆ. ಸಿಟ್ಟು ಬರುವುದು ಸಹಜ. ಆದರೆ ಬಂಗಾರದ ಬಳೆಯ ಮೇಲೆ ಅದು ಎಂದು ಗಡಿ ದಾಟಿತೆಂದು ಬರೆದಿರುವುದಿಲ್ಲವಲ್ಲ, ಆ ಅಧಿಕಾರಿಗೆ ತಿಳಿಯುವುದು ಹೇಗೆ?

ಇದಕ್ಕೆ ಪರಿಹಾರ ಹೊರಡುವ ದಿನವೇ ಇದೆ. ಅದರ ಹೆಸರು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ನೀವೇ ಹೋಗಿ ಒಡವೆ ತೋರಿಸಿ, "ಇದನ್ನು ತೆಗೆದುಕೊಂಡು ಹೋಗುತ್ತಿದ್ದೇನೆ, ವಾಪಸು ತರುತ್ತೇನೆ" ಎಂದು ಬರೆಸಿಕೊಳ್ಳುವುದು. ಬಿಲ್ಲು, ಸರ್ಕಾರದಿಂದ ಮಾನ್ಯತೆ ಪಡೆದ ಮೌಲ್ಯಮಾಪಕರು ತೂಕ ಬರೆದುಕೊಟ್ಟ ಚೀಟಿ, ಒಡವೆಯ ಫೋಟೊ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ದುಬಾರಿ ಕ್ಯಾಮರಾ, ಸಂಗೀತದವರ ಬೆಲೆಬಾಳುವ ವಾದ್ಯಕ್ಕೂ ಇದೇ ದಾರಿ. ಆದರೆ ಇದನ್ನು ಪೆಟ್ಟಿಗೆ ಕೊಡುವ ಮುಂಚೆ ಮಾಡಬೇಕು. ವಸ್ತು ಬೆಲ್ಟಿನ ಮೇಲೆ ಒಳಗೆ ಹೋದ ಮೇಲೆ ತೋರಿಸುವುದು ಏನನ್ನು? ಹಾಗಾಗಿ ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹೊರಡಿ.

"ಹೆಂಗಸರಿಗೆ 40 ಗ್ರಾಂ ಬಿಡ್ತಾರಂತಲ್ಲ?" ಎಂದು ಕೇಳುತ್ತೀರಿ. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಎನ್ನುವ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದು ಬರುವವರಿಗೆ. ಬಾಣಂತನ ಮಾಡಿಸಿ ಐದು ತಿಂಗಳಿಗೆ ಬರುವ ಅಜ್ಜಿಗೆ ಅಲ್ಲ. ದಿನಾ ತೊಡುವ ತಾಳಿ, ಓಲೆಗೆ ಸಾಮಾನ್ಯವಾಗಿ ತಕರಾರಿಲ್ಲ. ಉಳಿದದ್ದನ್ನು ಬ್ಯಾಂಕ್ ಲಾಕರಿನಲ್ಲಿ ಬಿಟ್ಟು ಹೋಗುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಚಿಕ್ಕಮ್ಮ ಒಪ್ಪುವುದಿಲ್ಲ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ರೂಪಾಯಿ ತಲೆಗೆ 25,000ದವರೆಗೆ ಒಯ್ಯಬಹುದು. ಡಾಲರ್ ನೋಟು ಬಹುತೇಕ ದೇಶಗಳಿಗೆ 3,000ದವರೆಗೆ, ಅದಕ್ಕಿಂತ ಹೆಚ್ಚು ಬೇಕಿದ್ದರೆ ಬ್ಯಾಂಕಿನ ಫಾರೆಕ್ಸ್ ಕಾರ್ಡಿನಲ್ಲಿ ಹಾಕಿಸಿಕೊಳ್ಳಿ.

ದೇವರ ಮನೆಯ ಸಾಮಾನಿನ ಬಗ್ಗೆ ಸ್ವಲ್ಪ ಎಚ್ಚರ. ಮಗಳ ಹೊಸ ಮನೆಗೆಂದು ಮುತ್ತಜ್ಜಿಯ ಕಾಲದ ಹಿತ್ತಾಳೆ ಕೃಷ್ಣನನ್ನು ಸೀರೆಯಲ್ಲಿ ಸುತ್ತಿ ಇಟ್ಟಿರುತ್ತೀರಿ. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ ಪ್ರಾಚ್ಯವಸ್ತು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮಹತ್ವದ ಹಸ್ತಪ್ರತಿಗೆ ಎಪ್ಪತ್ತೈದೇ ವರ್ಷ, ಅಂದರೆ ಅಜ್ಜನ ಓಲೆಗರಿ ಕಟ್ಟೂ ಇದರಲ್ಲಿ ಬರಬಹುದು. ತಮಿಳುನಾಡಿನಲ್ಲಿ ಇದು ಬರೀ ಕಾಗದದ ಮಾತಲ್ಲ. ಅರಿಯಲೂರು ಜಿಲ್ಲೆಯ ಶ್ರೀಪುರಂತಾನ್ ದೇವಸ್ಥಾನದಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಕೊಂಡಿತ್ತು, 2014ರಲ್ಲಿ ಆ ದೇಶದ ಪ್ರಧಾನಿಯೇ ತಂದು ಒಪ್ಪಿಸಬೇಕಾಯಿತು. ನಿಮ್ಮ ಕೃಷ್ಣ ಹಳೆಯವನಂತೆ ಕಂಡರೆ ಪುರಾತತ್ತ್ವ ಇಲಾಖೆಯಿಂದ "ಇದು ಪ್ರಾಚ್ಯವಸ್ತುವಲ್ಲ" ಎಂಬ ಸರ್ಟಿಫಿಕೇಟ್ ಮೊದಲೇ ಪಡೆಯಿರಿ, ಇಲ್ಲವೇ ಹೊಸ ವಿಗ್ರಹ ಕೊಳ್ಳಿ. ಕೊಬ್ಬರಿ ಗಿಟುಕನ್ನೂ ಪೆಟ್ಟಿಗೆಗೆ ಹಾಕಬೇಡಿ. ಇದು ಕಸ್ಟಮ್ಸ್ ಅಲ್ಲ, ಸುರಕ್ಷತೆಯವರ ನಿಯಮ. ಎಣ್ಣೆಯಂಶದಿಂದ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿ ನಮ್ಮ ಕೊಬ್ಬರಿ ಇದೆ.

ಮಾಂಬಲಂನ ಹಿರಿಯರು ಹೋಗುವುದು ಅಬುಧಾಬಿ ಮೇಲೆ. ಚೆನ್ನೈನಿಂದ ಅಮೆರಿಕಕ್ಕೆ ನೇರ ವಿಮಾನವಿಲ್ಲ, ಎಲ್ಲೋ ಒಂದು ಕಡೆ ಬದಲಾಯಿಸಲೇಬೇಕು. ಅಬುಧಾಬಿಯಲ್ಲಿ 2014ರಿಂದ ಒಂದು ವಿಶೇಷವಿದೆ. ಅಲ್ಲಿಂದ ನೇರವಾಗಿ ಅಮೆರಿಕಕ್ಕೆ ಹಾರುವವರಿಗೆ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಬುಧಾಬಿಯಲ್ಲೇ ಆಗಿಹೋಗುತ್ತವೆ. ಕೌಂಟರಿನಲ್ಲಿ ಕೂತವರು ಅಮೆರಿಕದ ಅಧಿಕಾರಿಗಳೇ. ನ್ಯೂಯಾರ್ಕಿನಲ್ಲೋ ಚಿಕಾಗೋದಲ್ಲೋ ಇಳಿದರೆ ಒಳನಾಡಿನ ಪ್ರಯಾಣಿಕರಂತೆ ಪೆಟ್ಟಿಗೆ ತೆಗೆದುಕೊಂಡು ಹೊರಗೆ ನಡೆಯಬಹುದು. ಹದಿನಾಲ್ಕು ಗಂಟೆ ಕೂತು ಊದಿದ ಕಾಲಿನಲ್ಲಿ ಮತ್ತೆ ಸಾಲು ನಿಲ್ಲುವುದು ತಪ್ಪಿತು. ಆದರೆ ತಪಾಸಣೆಗೆ ಹೊತ್ತು ಹಿಡಿಯುತ್ತದೆ, ಅಬುಧಾಬಿಯ ಅಂಗಡಿಗಳಲ್ಲಿ ತಿರುಗಾಡುತ್ತಾ ಮೈಮರೆಯಬೇಡಿ.

ಅಲ್ಲಿ ಪ್ರಶ್ನೆ ಚೆನ್ನೈಗಿಂತ ಹೆಚ್ಚು. ಮಗಳ ವಿಳಾಸ, ಫೋನ್ ನಂಬರು, ವಾಪಸು ಟಿಕೆಟ್ಟಿನ ತಾರೀಖು ಇಂಗ್ಲಿಷಿನಲ್ಲಿ ಬರೆದ ಚೀಟಿ ಕೈಯಲ್ಲಿರಲಿ. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವರು ಈ ಅಧಿಕಾರಿ, ವೀಸಾದ ಮೇಲಿನ ಕೊನೆಯ ತಾರೀಖಲ್ಲ. ತಿಂಡಿ ಏನಾದರೂ ಇದೆಯೇ ಎಂದರೆ "ಇಲ್ಲ" ಅನ್ನಬೇಡಿ. ಚಟ್ನಿಪುಡಿ, ಸಾರಿನಪುಡಿ ಇದೆಯೆಂದು ಹೇಳಿದರೆ ನೋಡಿ ಬಿಡುತ್ತಾರೆ, ಮುಚ್ಚಿಟ್ಟರೆ ದಂಡ ಬೀಳಬಹುದು. ಹಸಿ ಕರಿಬೇವು ಮಾತ್ರ ಬೇಡವೇ ಬೇಡ. ಅದು ನಿಂಬೆ, ಕಿತ್ತಳೆಯ ಕುಲದ್ದು, ಅವರ ಕಿತ್ತಳೆ ತೋಟಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆಂದು ನಿಷೇಧವಿದೆ.

ಹಿರಿಯರೇ, ಒಡವೆಗೆ ಚೆನ್ನೈನಲ್ಲಿ ಬರೆಸಿಕೊಂಡ ಸರ್ಟಿಫಿಕೇಟನ್ನು ಮನೆಯವರ ಪಾಸ್‌ಪೋರ್ಟಿನ ಜೊತೆಗೇ ಇಡಿ. ಅದು ಬೇಕಾಗುವುದು ಬರುವಾಗ. ಮಗಳ ಮನೆಯ ಬೀರುವಿನಲ್ಲಿ ಉಳಿದರೆ ಮತ್ತೆ ನಮ್ಮ ಚಿಕ್ಕಮ್ಮನ ಕಥೆಯೇ ಆಗುತ್ತದೆ.