ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ: ಮಟ್ಟ ನೋಡುವ ಸರಿಯಾದ ಕ್ರಮ



ಕಾರಿನ ಎಂಜಿನ್ ಆಯಿಲ್ ನೋಡುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. ಎಂಜಿನ್ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು, ಬಾನೆಟ್ ಎತ್ತಿ ಅಳತೆ ಕಡ್ಡಿಯನ್ನು ಹೊರಗೆಳೆದು ನೋಡುತ್ತೇವೆ. ಇದೇ ಅಭ್ಯಾಸದಿಂದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನೂ ನೋಡಿದರೆ ಬಹುಪಾಲು ಕಾರುಗಳಲ್ಲಿ ಆ ಕಡ್ಡಿ ಸುಳ್ಳು ಹೇಳುತ್ತದೆ. ಎಣ್ಣೆ ಕಡಿಮೆಯಿದ್ದರೂ ಸಾಕಷ್ಟಿದೆ ಎಂದು ತೋರಿಸುತ್ತದೆ. ಅದನ್ನು ನಂಬಿ ಕಾರು ಓಡಿಸುತ್ತಾ ಹೋದರೆ ಒಳಗಿನ ಕ್ಲಚ್ ಬಿಲ್ಲೆಗಳು ಸುಟ್ಟು ಗೇರ್‌ಬಾಕ್ಸನ್ನೇ ಬಿಚ್ಚಿ ಕಟ್ಟಿಸಬೇಕಾಗುತ್ತದೆ. ಹಳೆಯ ಕಾರಿನ ವಿಷಯದಲ್ಲಿ ಆ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಮುಟ್ಟಬಹುದು.

ಹೀಗೇಕೆ? ಇದನ್ನು ತಿಳಿಯಲು ಆ ಎಣ್ಣೆ ಮಾಡುವ ಕೆಲಸವನ್ನು ನೋಡಬೇಕು. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಡಿ. ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ನಿಧಾನವಾಗಿ ತಿರುಗತೊಡಗುತ್ತವೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಎಂಬ ಭಾಗ ಕೆಲಸ ಮಾಡುವುದು ಹೆಚ್ಚುಕಡಿಮೆ ಹೀಗೆಯೇ. ಅಲ್ಲಿ ಗಾಳಿಯ ಬದಲು ಎಣ್ಣೆಯಿದೆ, ಅಷ್ಟೇ. ಅದೇ ಎಣ್ಣೆ ಒತ್ತಡದಿಂದ ಕ್ಲಚ್ ಬಿಲ್ಲೆಗಳನ್ನು ಅದುಮಿ ಹಿಡಿಯುತ್ತದೆ, ಹಲ್ಲುಚಕ್ರಗಳ ಸವೆತ ತಡೆಯುತ್ತದೆ, ಶಾಖವನ್ನೂ ಹೊತ್ತೊಯ್ಯುತ್ತದೆ. ದ್ರವದ ಮೇಲಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ನೀವು ಪಾಠದಲ್ಲಿ ಓದಿದ್ದೀರಿ. ಇಲ್ಲಿ ನಡೆಯುವುದು ಅದೇ.

ಎಂಜಿನ್ ಓಡುವಾಗ ಪಂಪು ತಳದ ತೊಟ್ಟಿಯಿಂದ ಎಣ್ಣೆ ಎಳೆದು ಕನ್ವರ್ಟರಿಗೂ ಸಣ್ಣ ಸಣ್ಣ ದಾರಿಗಳಿಗೂ ತುಂಬುತ್ತದೆ. ಎಂಜಿನ್ ನಿಂತಿತೋ, ಅದರಲ್ಲೊಂದು ಭಾಗ ತೊಟ್ಟಿಗೆ ಮರಳಿ ಇಳಿಯುತ್ತದೆ. ಆಗ ಕಡ್ಡಿ ಇಳಿಬಿಟ್ಟರೆ ಮಟ್ಟ ಏರಿರುತ್ತದೆ. ಅದು ಕೆಲಸದ ಹೊತ್ತಿನ ಮಟ್ಟವಲ್ಲ.

ಎರಡನೆಯ ಕಾರಣ ಉಷ್ಣ. ಇಂಥ ಎಣ್ಣೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಗಾತ್ರದ ಸುಮಾರು 0.0007 ಭಾಗದಷ್ಟು ಹಿಗ್ಗುತ್ತದೆ. 6 ಲೀಟರ್ ಎಣ್ಣೆ 20 ಡಿಗ್ರಿಯಿಂದ 80 ಡಿಗ್ರಿಗೆ ಬಿಸಿಯಾಯಿತೆನ್ನಿ. 6ನ್ನು 60ರಿಂದಲೂ 0.0007ರಿಂದಲೂ ಗುಣಿಸಿ ನೋಡಿ. ಸುಮಾರು ಕಾಲು ಲೀಟರ್! ಒಂದು ಹನಿಯನ್ನೂ ಸುರಿಯದೆ ಇಷ್ಟು ಹೆಚ್ಚಿತು. ಆದ್ದರಿಂದಲೇ ಅನೇಕ ಕಡ್ಡಿಗಳಲ್ಲಿ ‘ಕೋಲ್ಡ್’, ‘ಹಾಟ್’ ಎಂದು ಎರಡು ಜೊತೆ ಗುರುತುಗಳಿರುತ್ತವೆ. ನಂಬಬೇಕಾದದ್ದು ‘ಹಾಟ್’ ಗುರುತನ್ನು. ಟೊಯೊಟಾದ ಇಂಥ ಕಾರುಗಳ ಕೈಪಿಡಿಗಳು ಆ ಗುರುತಿಗೆ 70ರಿಂದ 80 ಡಿಗ್ರಿಯ ಎಣ್ಣೆಯನ್ನು ಲೆಕ್ಕ ಹಿಡಿಯುತ್ತವೆ. ‘ಕೋಲ್ಡ್’ ಗುರುತು ಎಣ್ಣೆ ಬದಲಿಸಿದ ಮೇಲೆ ಮೊದಲ ಅಂದಾಜಿಗೆ ಮಾತ್ರ.

ಕೆಲಸಕ್ಕೆ ಕೈ ಹಾಕುವ ಮುನ್ನ ನಿಮ್ಮ ಮನೆಯ ಕಾರು ಯಾವ ಬಗೆಯದು ಎಂದು ತಿಳಿಯಿರಿ. 2014ರ ಮಾರುತಿ ಸುಜುಕಿ ಸೆಲೆರಿಯೊದಿಂದ ಈಚೆಗೆ ನಮ್ಮಲ್ಲಿ ಜನಪ್ರಿಯವಾದ ಎ.ಎಂ.ಟಿ. ಕಾರುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. ಅವುಗಳದು ಮಾಮೂಲು ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಟಾರ್ಕ್ ಕನ್ವರ್ಟರ್ ಅಲ್ಲಿಲ್ಲ. ಇನ್ನು ಈಚಿನ ಅನೇಕ ಆಟೋಮ್ಯಾಟಿಕ್ ಕಾರುಗಳಲ್ಲಿ ಕಡ್ಡಿಯೇ ಇರುವುದಿಲ್ಲ. ಕಾರನ್ನು ಸಮತಟ್ಟಾಗಿ ಮೇಲೆತ್ತಿ, ಎಣ್ಣೆ ಗೊತ್ತಾದ ಉಷ್ಣತೆಯಲ್ಲಿದೆ ಎಂದು ಉಪಕರಣದಿಂದ ಖಚಿತಪಡಿಸಿಕೊಂಡು, ಎಂಜಿನ್ ಓಡುತ್ತಿರುವಾಗಲೇ ಒಂದು ತಿರುಪನ್ನು ಬಿಚ್ಚಿ ಎಣ್ಣೆ ಸಣ್ಣಗೆ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಅದು ಮೆಕ್ಯಾನಿಕ್ ಕೆಲಸ, ಅವರಿಗೇ ಬಿಡಿ.

ಕಡ್ಡಿಯಿರುವ ಕಾರಾದರೆ ಮೊದಲು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ತರಲಿ. ನಿಂತಲ್ಲೇ ಎಂಜಿನ್ ಓಡಿಸಿದರೆ ಸಾಲದು, ಗೇರ್‌ಬಾಕ್ಸ್ ಅಷ್ಟಕ್ಕೆ ಬಿಸಿಯಾಗದು. ಆದರೆ ಬಿಸಿಲಿನಲ್ಲಿ ಘಾಟಿ ಹತ್ತಿ ಬಂದ ತಕ್ಷಣವೂ ನೋಡಬಾರದು, ಎಣ್ಣೆ ಅತಿಯಾಗಿ ಕಾದು ಹಿಗ್ಗಿರುತ್ತದೆ. ಅರ್ಧ ಗಂಟೆ ಬಿಡಿ. ಕಾರು ಸಮತಟ್ಟಾದ ನೆಲದಲ್ಲಿ, ಗಾಳಿಯಾಡುವ ಕಡೆ ನಿಂತಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ವಾಸನೆಯಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ತುಳಿದುಕೊಂಡು, ಗೇರಿನ ಹಿಡಿಕೆಯನ್ನು ಪ್ರತಿ ಸ್ಥಾನದಲ್ಲೂ ಒಂದೆರಡು ಕ್ಷಣ ನಿಲ್ಲಿಸುತ್ತಾ ಸಾಗಿಸಿ ‘ಪಿ’ಗೆ ತರಬೇಕು. ಇದರಿಂದ ಒಳಗಿನ ಎಲ್ಲ ದಾರಿಗಳಿಗೂ ಎಣ್ಣೆ ತುಂಬುತ್ತದೆ. ಈ ಕೆಲಸ ಲೈಸೆನ್ಸ್ ಇರುವ ಹಿರಿಯರದು.

ಎಂಜಿನ್ ಓಡುತ್ತಿರುವಾಗಲೇ ಈಗ ಕಡ್ಡಿಯನ್ನು ಎಳೆಯಿರಿ. ದುಪ್ಪಟ್ಟ, ಸಡಿಲ ತೋಳು, ಜಡೆ ಇವೆಲ್ಲ ಬೆಲ್ಟಿನಿಂದಲೂ ಫ್ಯಾನಿನಿಂದಲೂ ದೂರವಿರಲಿ. ರೇಡಿಯೇಟರ್ ಫ್ಯಾನು ಇದ್ದಕ್ಕಿದ್ದಂತೆ ತಿರುಗತೊಡಗಬಹುದು. ನೂಲು ಬಿಡದ ಬಟ್ಟೆಯಿಂದ ಕಡ್ಡಿಯನ್ನು ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆದು ಓದಿ. ಬರಿಯ ಒಂದು ನೂಲೆಳೆ ಒಳಗೆ ಬಿದ್ದರೂ ಸೂಕ್ಷ್ಮ ಕವಾಟಗಳಿಗೆ ತೊಂದರೆ. ಕಡ್ಡಿಯ ಎರಡು ಮೈಗಳಲ್ಲಿ ಬೇರೆ ಬೇರೆ ಮಟ್ಟ ಕಂಡರೆ ಕೆಳಗಿನದನ್ನೇ ಹಿಡಿಯಿರಿ.

ಹೋಂಡಾದ ಹಲವು ಹಳೆಯ ಆಟೋಮ್ಯಾಟಿಕ್ ಕಾರುಗಳದು ಬೇರೆ ದಾರಿ. ಅಲ್ಲಿ ಬಿಸಿಯಾದ ಎಂಜಿನ್ ನಿಲ್ಲಿಸಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಆ ಗುರುತುಗಳನ್ನು ಹಾಕಿರುವುದೇ ಈ ಲೆಕ್ಕದ ಮೇಲೆ. ಹಾಗಾಗಿ ಪಕ್ಕದ ಮನೆಯವರ ಸಲಹೆಗಿಂತ ಕಾರಿನ ಕೈಪಿಡಿಯ ಮಾತು ದೊಡ್ಡದು.

ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿಯನ್ನೂ ಎಳೆಯುತ್ತದೆ. ಎಣ್ಣೆ ನೊರೆಯಾಗುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದಾದ್ದರಿಂದ ಬಿಲ್ಲೆಗಳ ಮೇಲೆ ಬಿಗಿ ಉಳಿಯುವುದಿಲ್ಲ. ಎಂಜಿನ್ ಗದ್ದಲ ಮಾಡಿದರೂ ಕಾರು ಮುಂದಕ್ಕೆ ಹೋಗದು. ವಿಚಿತ್ರವೆಂದರೆ ಎಣ್ಣೆ ಹೆಚ್ಚಾದರೂ ಇದೇ ಫಲ. ತಿರುಗುವ ಚಕ್ರಗಳು ಮೊಸರು ಕಡೆದಂತೆ ಅದನ್ನು ಕಡೆದು ನೊರೆ ಎಬ್ಬಿಸುತ್ತವೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಸುರಿದು, ಪ್ರತಿ ಸಲ ಕಡ್ಡಿ ನೋಡಬೇಕು. ಕೈಪಿಡಿ ಹೇಳಿದ ಎಣ್ಣೆಯನ್ನೇ ಬಳಸಬೇಕು. ಬಿಲ್ಲೆಗಳ ಹಿಡಿತ ಅದರಲ್ಲಿ ಬೆರೆಸಿದ ಪದಾರ್ಥಗಳನ್ನು ಅವಲಂಬಿಸಿದೆ. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಇದಕ್ಕಾಗಿ ಸ್ಪರ್ಮ್ ವೇಲ್ ಎಂಬ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು! ಆ ಪ್ರಾಣಿಗೆ ಕಾನೂನಿನ ರಕ್ಷಣೆ ಬಂದ ಮೇಲೆ ರಸಾಯನ ತಜ್ಞರು ಬೇರೆ ವಸ್ತು ಹುಡುಕಬೇಕಾಯಿತು. ಮತ್ತೊಂದು ಮಾತು. ಎಣ್ಣೆ ತಾನಾಗಿ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ.

ಕೊನೆಗೆ ಕಡ್ಡಿಯ ತುದಿಯನ್ನು ಬಿಳಿಯ ಕಾಗದಕ್ಕೆ ಒತ್ತಿ ನೋಡಿ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪು. ಅದು ಬಣ್ಣ ಬೆರೆಸಿದ್ದು, ಎಂಜಿನ್ ಆಯಿಲಿಗಿಂತ ಬೇರೆಯಾಗಿ ಕಾಣಲೆಂದು. ಕಂದು ಬಣ್ಣವಷ್ಟೇ ಆದರೆ ಗಾಬರಿ ಬೇಡ. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಬಿಲ್ಲೆಗಳು ಸವೆದಿವೆ. ಗುಲಾಬಿ ಬಣ್ಣದ ಹಾಲಿನಂತಿದ್ದರೆ ನೀರು ಸೇರಿದೆ, ಹೆಚ್ಚಿನಂಶ ರೇಡಿಯೇಟರಿನೊಳಗಿನ ಕೂಲರ್ ಒಡೆದು. ಅಂಥ ಕಾರನ್ನು ಗ್ಯಾರೇಜಿನವರೆಗೂ ಓಡಿಸಕೂಡದು. ಲಾರಿಯ ಮೇಲೆ ಏರಿಸಿಯೇ ಸಾಗಿಸಬೇಕು.